ಕಾರೈಕುಡಿಯಿಂದ ಕೃಷ್ಣಗಿರಿಗೆ: ಬ್ಯಾಟರಿ ಸಂಶೋಧನೆ ಮತ್ತು ಸರ್ಕಾರದ ಹಣ

ನಮ್ಮ ಹೊಸೂರಿನ ಕಾರ್ಖಾನೆಗಳಲ್ಲಿ ಇಂದು ತಯಾರಾಗುತ್ತಿರುವ ವಿದ್ಯುತ್ ಸ್ಕೂಟರುಗಳ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಆ ಬ್ಯಾಟರಿಯ ವಿದ್ಯೆಗಾಗಿ ಭಾರತ ಸರ್ಕಾರವು ಹಣ ತೊಡಗಿಸಿದ ಕಥೆ ಬಹಳ ಹಳೆಯದು. ಅದನ್ನು ಕಾರೈಕುಡಿಯಿಂದ ಆರಂಭಿಸಬೇಕು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಾಂತಿ ಸ್ವರೂಪ ಭಟ್ನಾಗರರು ದೇಶದ ನಾನಾ ಕಡೆ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಕಟ್ಟಲು ಹೊರಟಿದ್ದರು. ಆಗ ಉದ್ಯಮಿ ಅಳಗಪ್ಪ ಚೆಟ್ಟಿಯಾರರು 300 ಎಕರೆ ನೆಲವನ್ನೂ 15 ಲಕ್ಷ ರೂಪಾಯಿಗಳನ್ನೂ ದಾನವಿತ್ತು, ವಿದ್ಯುತ್ ರಸಾಯನ ಶಾಸ್ತ್ರದ ಸಂಶೋಧನಾ ಸಂಸ್ಥೆಯನ್ನು ತಮ್ಮ ಊರ ಕಡೆಗೆ ತಂದರು. 1948ರ ಜುಲೈ 25ರಂದು ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. 1953ರ ಜನವರಿ 14ರಂದು, ಸಂಕ್ರಾಂತಿಯ ಹೊತ್ತಿಗೆ, ಉಪರಾಷ್ಟ್ರಪತಿ ರಾಧಾಕೃಷ್ಣನ್ನರು ಉದ್ಘಾಟಿಸಿದರು. ದಾನಿ ಕೊಟ್ಟದ್ದು ನೆಲೆ. ಅಂದಿನಿಂದ ವಿಜ್ಞಾನಿಗಳ ಸಂಬಳ, ಉಪಕರಣಗಳ ಭಾರವನ್ನು ಹೊತ್ತು ಬಂದದ್ದು ಸಿ.ಎಸ್.ಐ.ಆರ್. ಮೂಲಕ ಸರ್ಕಾರವೇ. ಕಬ್ಬಿಣಕ್ಕೆ ಹಿಡಿಯುವ ತುಕ್ಕಿನಿಂದ ಹಿಡಿದು ಬ್ಯಾಟರಿಯವರೆಗೆ ಅಲ್ಲಿ ಸದ್ದಿಲ್ಲದ ಕೆಲಸ ನಡೆಯಿತು.

2018ರ ಜೂನ್ ತಿಂಗಳಲ್ಲಿ ಈ ಸಂಸ್ಥೆ ತನ್ನ ಲಿಥಿಯಂ ಅಯಾನ್ ಸೆಲ್ಲಿನ ತಂತ್ರಜ್ಞಾನವನ್ನು ಖಾಸಗಿ ಕಂಪನಿಯೊಂದಕ್ಕೆ ವಹಿಸಲು ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆಗೆ ಗೊತ್ತುಮಾಡಿದ ಸ್ಥಳ ನಮ್ಮ ಕೃಷ್ಣಗಿರಿ ಜಿಲ್ಲೆಯೇ! ಆದರೆ ಜಪಾನಿನ ಸೋನಿ ಕಂಪನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ನಡುವಣ ಇಪ್ಪತ್ತೇಳು ವರ್ಷಗಳ ಅಂತರವನ್ನು ಮರೆಯಲಾಗದು.

2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು 18,100 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಮೊತ್ತ ದೊಡ್ಡದೇ. ಆದರೆ ಅದು ಸೆಲ್ ತಯಾರಿಸಿ ಮಾರಿದವರಿಗೆ ಸಿಗುವ ಪ್ರೋತ್ಸಾಹಧನ, ಸಂಶೋಧನೆಯ ಅನುದಾನವಲ್ಲ. ಈ ಭೇದವನ್ನು ನಮ್ಮ ಪತ್ರಿಕೆಗಳು ಸಾಕಷ್ಟು ಎತ್ತಿ ಹೇಳಲಿಲ್ಲವೆಂದೇ ನನ್ನ ಭಾವನೆ. ಅಮೆರಿಕದಲ್ಲಿ ಎ123 ಎಂಬ ಬ್ಯಾಟರಿ ಕಂಪನಿಗೆ ಕಾರ್ಖಾನೆ ಕಟ್ಟಲು 2009ರಲ್ಲಿ ಸರ್ಕಾರವು 24.9 ಕೋಟಿ ಡಾಲರ್ ಮಂಜೂರು ಮಾಡಿತ್ತು. 2012ರಲ್ಲಿ ಆ ಕಂಪನಿ ದಿವಾಳಿಯೆದ್ದು, ಮುಂದೆ ಚೀನಾದ ಒಡೆತನಕ್ಕೆ ಹೋಯಿತು. ಕಾರ್ಖಾನೆಗೆ ಸುರಿದ ಹಣಕ್ಕೆ ಇಂಥ ಗಂಡಾಂತರವೂ ಉಂಟು.

2024ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ವಿದ್ಯುತ್ ವಾಹನಗಳಿಗಾಗಿಯೇ ಸಂಶೋಧನಾ ಅಭಿಯಾನವೊಂದನ್ನು ಆರಂಭಿಸಿದೆ. ಉಷ್ಣವಲಯದ ಹವೆಗೆ ಹೊಂದುವ ಬ್ಯಾಟರಿ ಮತ್ತು ಸೆಲ್ ಅದರ ಮೂರು ಮುಖ್ಯ ವಿಷಯಗಳಲ್ಲಿ ಒಂದು. ಸುಡುಬಿಸಿಲು ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಚಳಿನಾಡಿನವರು ನಮ್ಮ ಚೈತ್ರ ವೈಶಾಖಗಳಿಗಾಗಿ ಏಕೆ ತಲೆ ಕೆಡಿಸಿಕೊಂಡಾರು?