ಫೋನು ಮಗುವಿನದೋ, ಶಾಲೆಯದೋ?

ತರಗತಿಯಲ್ಲಿ ಮೊಬೈಲ್ ಇರಬೇಕೇ ಬೇಡವೇ ಎಂದು ವಾದಿಸುವವರು ಕೇಳದೇ ಬಿಡುವ ಪ್ರಶ್ನೆಯೊಂದಿದೆ: ಆ ಮೊಬೈಲ್ ಯಾರದು? ಪಾಠದ ಸಾಧನ ಯಾರದು ಎಂಬುದಕ್ಕೆ ನಮ್ಮ ಶಾಲೆಗಳ ಇತಿಹಾಸದಲ್ಲಿ ಸ್ಪಷ್ಟ ಉತ್ತರವಿದ್ದ ಕಾಲವೂ ಇತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಹೆಣೆದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾ, ಅದಕ್ಕೆ ಜೋಡಿಸಿದ ಒಂದು ಟಿವಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯದ ಮಾತು. ಪಾಠ ನೋಡಲು ಯಾವ ಮಗುವೂ ಮನೆಯಿಂದ ಏನನ್ನೂ ತರಬೇಕಾಗಿರಲಿಲ್ಲ. ಆಕಾಶವಾಣಿಯ ಪಾಠಗಳೂ, 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರದ ಶಾಲೆಗಳಿಗೆ ಬಂದ ಪಾಠಗಳೂ ಇದೇ ದಾರಿ ಹಿಡಿದವು.

ಈ ದಾರಿ ತಪ್ಪಿದ್ದು 2020ರಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠ ಅಪ್ಪನ ಫೋನಿಗೆ ಹೋಯಿತು. ಅಪ್ಪ ಕೆಲಸಕ್ಕೆ ಹೊರಟರೆ ಪಾಠವೂ ಅವನ ಜೇಬಿನಲ್ಲೇ ಹೊರಟಿತು. ಶಾಲೆ ಮುಚ್ಚಿದ್ದಾಗಲೂ ಕಲಿಕೆ ನಡೆಯಲೆಂದು ಆ ವರ್ಷ ರಾಜ್ಯದಲ್ಲಿ ಶುರುವಾದ ‘ವಿದ್ಯಾಗಮ’ ಕಾರ್ಯಕ್ರಮವು ಮಕ್ಕಳನ್ನು ಮನೆಯಲ್ಲಿ ಯಾವ ಸಾಧನವಿದೆ ಎಂಬುದರ ಮೇಲೆ ಗುಂಪು ಮಾಡಬೇಕಾಯಿತು. ಅಲ್ಲಿಯವರೆಗೆ ಮಕ್ಕಳನ್ನು ವಿಂಗಡಿಸುತ್ತಿದ್ದದ್ದು ತರಗತಿ. ಈಗ ಮನೆಯ ಅನುಕೂಲವೇ ಅಳತೆಗೋಲಾಯಿತು. ಗುಡಿಯ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದ ಮೇಷ್ಟ್ರು, ಟೀಚರುಗಳು ಆ ಕೊರತೆಯನ್ನು ಕೈಲಾದಷ್ಟು ತುಂಬಿದರು. ಅವರ ಶ್ರಮ ದೊಡ್ಡದು, ಆದರೆ ಅದು ಅವರಷ್ಟೇ ಹೊರಬೇಕಾದ ಹೊರೆಯಾಗಿರಲಿಲ್ಲ.

ಈಗ ಮನೆಮನೆಯಲ್ಲೂ ಫೋನಿದೆಯಲ್ಲ ಎನ್ನುವವರಿದ್ದಾರೆ. ಮನೆಯಲ್ಲಿದ್ದ ಮಾತ್ರಕ್ಕೆ ಅದು ಮಗುವಿನ ಕೈಗೆ ಪಾಠದ ಹೊತ್ತಿಗೆ ಸಿಗುತ್ತದೆ ಎಂದೇನಿಲ್ಲ. ಅಣ್ಣ, ತಂಗಿ ಇಬ್ಬರಿಗೂ ಓದಿದ್ದರೆ ಅದು ಮೊದಲು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಫೋನು ಮಕ್ಕಳ ಗಮನ ಕೆಡಿಸುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ, ನಾನೂ ಒಪ್ಪುತ್ತೇನೆ. ಆದರೆ ಆ ಆಕ್ಷೇಪ ಹೊಂದುವುದು ಮಗುವಿನ ಜೇಬಿನ ಫೋನಿಗೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ‘ದೀಕ್ಷಾ’ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಹೃದಯ ಬಡಿಯುವ ವಿಡಿಯೊವನ್ನು ಇಡೀ ತರಗತಿಗೆ ತೋರಿಸಲು ಟೀಚರ ಕೈಯಲ್ಲಿ ಒಂದು ಫೋನಿದ್ದರೆ ಸಾಕು. ಗೋಡೆಯ ಭೂಪಟಕ್ಕೂ ಮೇಜಿನ ಗ್ಲೋಬಿಗೂ ಕೊಡುವ ಹಾಗೆ ಅದಕ್ಕೂ, ಅದರ ಡೇಟಾಕ್ಕೂ ಇಲಾಖೆಯೇ ದುಡ್ಡು ಕೊಡಬೇಕು, ಟೀಚರ ಸಂಬಳದಿಂದ ಹೋಗಬಾರದು.