ಕೆಂಡದ ಮುಂದಿನ ಬೆಂಚು

ಜಪಾನಿನ ಯಾಕಿತೋರಿ ಅಂಗಡಿಯ ರೂಪವನ್ನು ಎರಡು ಮಾತುಗಳಲ್ಲಿ ಹೇಳಿಬಿಡಬಹುದು: ಉದ್ದಕ್ಕಿರುವ ಕಿರಿದಾದ ಕೆಂಡದ ಒಲೆ, ಅದರ ಮುಂದೆ ಒಂದು ಹಲಗೆ. ‘ಯಾಕಿ’ ಎಂದರೆ ಸುಟ್ಟದ್ದು, ‘ತೋರಿ’ ಎಂದರೆ ಹಕ್ಕಿ. ಕೋಳಿಯ ತೊಡೆ, ಈಲಿ, ಗುಂಡಿಗೆ, ಚರ್ಮ ಎಲ್ಲವೂ ತುಣುಕುಗಳಾಗಿ ಬಿದಿರುಕಡ್ಡಿಗೆ ಏರಿ, ಕೆಂಡದ ಮೇಲೆ ಬೆಂದು, ಉಪ್ಪನ್ನೋ ಸೋಯಾದ ಸಾರವನ್ನೋ ಸವರಿಸಿಕೊಂಡು ಹಲಗೆಯ ಮೇಲೆ ಬರುತ್ತವೆ. ಹಲಗೆಯ ಈಚೆ ಎಂಟೋ ಹತ್ತೋ ಆಸನಗಳು. ಸಂಜೆಯ ಹೊತ್ತಿಗೆ ಒಂದೂ ಖಾಲಿಯಿರುವುದಿಲ್ಲ. ಕಚೇರಿಯ ಮೇಲಧಿಕಾರಿಯ ಮೊಣಕೈ ಲಾರಿ ಚಾಲಕನ ಮೊಣಕೈಗೆ ತಾಗುತ್ತದೆ; ನೀವು ಯಾರು, ಎಲ್ಲಿಯವರು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಈ ಬರಹದ ಕುತೂಹಲವಿರುವುದು ಆ ಮೊಣಕೈಗಳ ವಿಷಯದಲ್ಲಿ. ಅಪರಿಚಿತರು ಒಂದೇ ಬೆಂಕಿಯ ಮುಂದೆ ಒತ್ತಾಗಿ ಕುಳಿತು ಉಣ್ಣುವುದು ಇಂದು ಸಹಜವೆಂದು ತೋರುತ್ತದೆ. ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಅದು ಸಹಜವಾಗಿರಲಿಲ್ಲ. ಅದನ್ನು ಜಗಳವಾಡಿ ಪಡೆಯಬೇಕಾಯಿತು.

(ಜಪಾನಿನಲ್ಲಿಯೂ ಒಂದು ಕೋಚಿ ಇದೆ. ಶಿಕೋಕು ದ್ವೀಪದ ಆ ಪ್ರಾಂತ ಒಳ್ಳೆಯ ಇದ್ದಿಲಿಗೂ ಹುಲ್ಲಿನ ಉರಿಯಲ್ಲಿ ಸುಟ್ಟ ಮೀನಿಗೂ ಹೆಸರಾದದ್ದು. ಹೆಸರಿನ ಹೋಲಿಕೆ ಕೇವಲ ಆಕಸ್ಮಿಕ. ನಮ್ಮ ಕೊಚ್ಚಿಗೂ ಅದಕ್ಕೂ ನಂಟು ಕಲ್ಪಿಸುವ ಉತ್ಸಾಹ ನನಗಿಲ್ಲ.)

ಕಡ್ಡಿಗೆ ಚುಚ್ಚಿ ಸುಡುವ ಪಾಕವೇನೋ ನಮಗೆ ಬಹಳ ಹಳೆಯದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿಯೇ (4.2.17) ಶೂಲದ ಮೇಲೆ ಬೆಂದದ್ದಕ್ಕೆ ‘ಶೂಲ್ಯ’ ಎಂದೂ ಉಖೆಯಲ್ಲಿ, ಅಂದರೆ ಮಡಕೆಯಲ್ಲಿ, ಬೆಂದದ್ದಕ್ಕೆ ‘ಉಖ್ಯ’ ಎಂದೂ ಪದಸಿದ್ಧಿ ಹೇಳಿದೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ಬೇಟೆಯ ಹುಚ್ಚಿನಿಂದ ಬೇಸತ್ತ ವಿದೂಷಕ, ಹೊತ್ತಲ್ಲದ ಹೊತ್ತಿನಲ್ಲಿ ಶೂಲ್ಯಮಾಂಸವನ್ನೇ ತಿನ್ನಬೇಕಾಗಿದೆಯೆಂದು ಗೊಣಗುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ‘ಅನ್ನಭೋಗ’ದಲ್ಲಿ ಮಾಂಸವನ್ನು ಕೆಂಡದ ಮೇಲೆ ಸುಡುವ ಹಲವು ಕ್ರಮಗಳಿವೆ. ಆದರೆ ಅದು ಅರಸನ ಭೋಗ. ಅರಸನ ಪಕ್ಕದಲ್ಲಿ ಯಾರು ಕೂರಬಹುದು ಎಂಬುದು ಒಲೆ ಹೊತ್ತುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಜಪಾನಿನಲ್ಲಿಯೂ ಮಾಂಸದ ಕಥೆ ಸರಳವಲ್ಲ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ. ಬೌದ್ಧ ಧರ್ಮದ ಅಹಿಂಸೆ, ಶಿಂತೋ ಮತದ ಮೈಲಿಗೆಯ ಭಾವನೆ ಎರಡೂ ಸೇರಿ, ಪ್ರಾಣಿಯ ಹೆಣವನ್ನೂ ಚರ್ಮವನ್ನೂ ಮುಟ್ಟುವ ಕಸುಬಿನವರನ್ನು ಊರ ಅಂಚಿಗೆ ತಳ್ಳಿದವು. ಇದು ನಮಗೆ ವಿವರಿಸಿ ಹೇಳಬೇಕಾದ ಸಂಗತಿಯೇನಲ್ಲ. 1871ರಲ್ಲಿ ಮೇಯ್ಜಿ ಸರಕಾರ ಆ ಜನರ ಹೀನ ಅಂತಸ್ತನ್ನು ಕಾನೂನಿನಿಂದ ತೆಗೆದುಹಾಕಿತು. ಮರುವರ್ಷದ ಆರಂಭದಲ್ಲಿ ಚಕ್ರವರ್ತಿ ತಾನು ದನದ ಮಾಂಸ ತಿಂದುದನ್ನು ಜನರಿಗೆ ತಿಳಿಯಪಡಿಸಿದ. ಆದರೂ ಬೀದಿಯ ಯಾಕಿತೋರಿಯನ್ನು ಮೊದಲು ಸವಿದವರು ಬಡವರೇ. 1893ರಲ್ಲಿ ಮತ್ಸುಬಾರಾ ಇವಾಗೊರೊ ಎಂಬ ಪತ್ರಕರ್ತ ಟೋಕಿಯೋದ ಬಡವರ ಕೇರಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ವರ್ಣನೆಯಿದೆ. ಕೋಳಿಮಾಂಸದ ಭೋಜನಶಾಲೆಗಳ ಅಡುಗೆಮನೆಯಿಂದ ಕೊಂಡುತಂದ ಕರುಳು, ಈಲಿಗಳನ್ನು ಕಡ್ಡಿಗೆ ಚುಚ್ಚಿ ಸುಟ್ಟು, ಕಡ್ಡಿಯೊಂದಕ್ಕೆ ಮೂರರಿಂದ ಐದು ರಿನ್‌ಗೆ ಮಾರುತ್ತಿದ್ದರು. ಮೈಮುರಿದು ದುಡಿಯುವವರು ಅದಕ್ಕೆ ಇರುವೆಗಳಂತೆ ಮುತ್ತುತ್ತಿದ್ದರು. ಒಂದು ಯೆನ್ನಿಗೆ ಸಾವಿರ ರಿನ್. ಅಂದರೆ ಉಳ್ಳವರ ಊಟದಲ್ಲಿ ಮಿಕ್ಕದ್ದೇ ಈ ತಿಂಡಿಯ ಮೂಲ.

ಇದೇ ಕಾಲದ ತಿರುವಾಂಕೂರಿಗೆ ಬರೋಣ. ಆ ರಾಜ್ಯ ತನ್ನನ್ನು ‘ಧರ್ಮರಾಜ್ಯ’ವೆಂದು ಕರೆದುಕೊಳ್ಳುತ್ತಿತ್ತು. ಸಾಮ್ಯುಯೆಲ್ ಮಟೀರ್ ಎಂಬ ಪಾದ್ರಿ 1871ರಲ್ಲಿ ಅದರ ಬಗ್ಗೆ ಬರೆದ ಪುಸ್ತಕಕ್ಕೆ ‘ದಾನಧರ್ಮದ ನಾಡು’ ಎಂಬರ್ಥದ ಹೆಸರಿಟ್ಟ. ದಾನವಿದ್ದದ್ದು ಸುಳ್ಳಲ್ಲ. ರಾಜ್ಯದುದ್ದಕ್ಕೂ ‘ಊಟ್ಟುಪುರ’ಗಳೆಂಬ ಭೋಜನಶಾಲೆಗಳಿದ್ದವು, ಅನಂತಪದ್ಮನಾಭನ ಸನ್ನಿಧಿಯಲ್ಲಿ ಆರು ವರ್ಷಕ್ಕೊಮ್ಮೆ ನಡೆಯುವ ಮುರಜಪದಲ್ಲಿ 56 ದಿನ ವೇದಘೋಷವೂ ಅನ್ನಸಂತರ್ಪಣೆಯೂ ನಡೆಯುತ್ತಿದ್ದವು. ಈ ಅನ್ನವೆಲ್ಲ ಬ್ರಾಹ್ಮಣರಿಗೆ. ಖಜಾನೆಗೆ ತೆರಿಗೆ ಕಟ್ಟಿದ ಉಳುವವನು ಆ ಪಂಕ್ತಿಯನ್ನು ದೂರದಿಂದ ನೋಡುವಂತೆಯೂ ಇರಲಿಲ್ಲ. ಮುಟ್ಟಿದರೆ ಮಾತ್ರವಲ್ಲ, ಹತ್ತಿರ ಸುಳಿದರೂ ಮೈಲಿಗೆಯೆನ್ನುವ ‘ತೀಂಡಲ್’ ಪದ್ಧತಿಯಲ್ಲಿ ಯಾವ ಜಾತಿ ಎಷ್ಟು ಹೆಜ್ಜೆ ದೂರ ನಿಲ್ಲಬೇಕೆಂಬುದಕ್ಕೂ ಲೆಕ್ಕವಿತ್ತು.

ಇಲ್ಲಿ ನಮ್ಮ ಕಡೆಯವರ ಪಾತ್ರವನ್ನೂ ಹೇಳಬೇಕು. ತುಳುನಾಡಿನಿಂದ ತೆಂಕಣಕ್ಕೆ ಹೋಗಿ ದೇವಾಲಯಗಳಲ್ಲಿ ಅರ್ಚಕರಾದ ಬ್ರಾಹ್ಮಣರನ್ನು ತಿರುವಾಂಕೂರಿನಲ್ಲಿ ‘ಪೋತ್ತಿ’ ಎಂದೂ ಕೊಚ್ಚಿ, ಮಲಬಾರುಗಳ ಕಡೆ ‘ಎಂಬ್ರಾಂದಿರಿ’ ಎಂದೂ ಕರೆದರು. ಪೂಜೆಯ ಹಿಂದೆಯೇ ಪಾಕವೂ ಹೋಯಿತು. ತಿರುವನಂತಪುರದಲ್ಲಿ ಸಸ್ಯಾಹಾರಿ ಊಟದ ಮನೆಗೆ ‘ಪೋತ್ತಿ ಹೋಟೆಲು’ ಎಂಬ ಹೆಸರು ನಿಂತಿತು. ಉಡುಪಿ ಹೋಟೆಲುಗಳು ಊರಾಚೆಯ ಪ್ರಯಾಣಿಕನಿಗೆ ಕಾಸು ಕೊಟ್ಟು ಉಣ್ಣುವ ಅವಕಾಶ ತೆರೆದವೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ನ್ಯಾಯವೇ. ಆದರೆ ಕಾಸು ಎಲ್ಲರ ಕೈಯಲ್ಲೂ ಒಂದೇ ಬೆಲೆ ಬಾಳುತ್ತಿರಲಿಲ್ಲ. ಚಹಾದಂಗಡಿಗಳಲ್ಲಿ ಪುಲಯ, ಪರಯ ಸಮುದಾಯದವರಿಗೆ ಸಿಗುತ್ತಿದ್ದದ್ದು ಹೊರಗೆ ನಿಂತು, ತೆಂಗಿನ ಕರಟದಲ್ಲಿ ಹೊಯ್ಯಿಸಿಕೊಂಡು ಕುಡಿಯುವ ಹಕ್ಕು ಮಾತ್ರ. ಕರಟದ ಚಹಾ ಘಟ್ಟದ ಈಚೆಗೂ ಅಪರಿಚಿತವಲ್ಲವೆಂಬುದನ್ನು ಕನ್ನಡದ ಓದುಗರಿಗೆ ನೆನಪಿಸಬೇಕಿಲ್ಲ.

ತಿರುವನಂತಪುರದ ಪೇಟ್ಟದಲ್ಲಿ 1863ರಲ್ಲಿ ಹುಟ್ಟಿದ ಡಾ. ಪದ್ಮನಾಭನ್ ಪಲ್ಪು ಈಳವ ಜಾತಿಯವರೆಂಬ ಕಾರಣಕ್ಕೆ ಸ್ವಂತ ರಾಜ್ಯದಲ್ಲಿ ವೈದ್ಯನ ಹುದ್ದೆ ಸಿಗಲಿಲ್ಲ. ಮೈಸೂರು ಸರಕಾರ ಅವರನ್ನು ತೆಗೆದುಕೊಂಡಿತು. 1898ರ ಬೆಂಗಳೂರಿನ ಪ್ಲೇಗಿನಲ್ಲಿ ಅವರು ದುಡಿದರು. ನಾರಾಯಣ ಗುರುಗಳ ಚಳವಳಿಗೆ ಸಂಘಟನೆಯ ರೂಪ ಕೊಟ್ಟವರಲ್ಲಿ ಅವರು ಪ್ರಮುಖರು. ಆ ಚಳವಳಿಯ ಒಳಗಿನಿಂದಲೇ ಊಟದ ಪ್ರಶ್ನೆ ಎದ್ದಿತು.

ಎತ್ತಿದವರು ಕೆ. ಅಯ್ಯಪ್ಪನ್. ಕೊಚ್ಚಿಯ ಅಳಿವೆಯ ಬಡಗಣಕ್ಕೆ ಚಾಚಿಕೊಂಡಿರುವ ವೈಪ್ಪಿನ್ ದ್ವೀಪದ ಚೆರಾಯಿಯವರು, ಬಿ.ಎ. ಓದಿದ್ದು ತಿರುವನಂತಪುರದಲ್ಲಿ. ಪದವಿ ಪಡೆದು ಊರಿಗೆ ಮರಳಿದ ತರುಣ 1917ರ ಮೇ 29ರಂದು ಚೆರಾಯಿಯಲ್ಲಿ ‘ಮಿಶ್ರಭೋಜನ’ವನ್ನು ಏರ್ಪಡಿಸಿದರು. ಈಳವರು ಪುಲಯರೊಡನೆ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಅನ್ನ, ಹಲಸಿನ ಬೀಜ ಮತ್ತು ಕಡಲೆಯ ಪಲ್ಯ ಎಂದು ಆ ಊಟವನ್ನು ನೆನೆಯುವವರು ಹೇಳುತ್ತಾರೆ. ಔತಣವೆನ್ನುವಂಥದ್ದೇನೂ ಇರಲಿಲ್ಲ.

ಇದರ ತೀಕ್ಷ್ಣತೆ ಎಲ್ಲಿದೆಯೆಂಬುದನ್ನು ಗಮನಿಸಬೇಕು. ಅಯ್ಯಪ್ಪನ್ ನಂಬೂದಿರಿಯ ಪಂಕ್ತಿಯಲ್ಲಿ ತನಗೊಂದು ಎಲೆ ಬೇಕೆಂದು ಕೇಳಲಿಲ್ಲ. ಮೇಲಿನವರಿಂದ ದೂರ ನಿಲ್ಲಿಸಿಕೊಂಡ ತನ್ನ ಜನ ತಮಗಿಂತ ಕೆಳಗಿನವರನ್ನು ಅಷ್ಟೇ ದೂರ ನಿಲ್ಲಿಸುತ್ತಿದ್ದಾರೆಂದು ಎತ್ತಿತೋರಿಸಿದರು. ಆದ್ದರಿಂದಲೇ ಶಿಕ್ಷೆ ಬಂದದ್ದೂ ತನ್ನವರಿಂದ. ಊರಿನ ಈಳವ ಸಭೆ ಅವರನ್ನೂ ಉಂಡವರನ್ನೂ ಬಹಿಷ್ಕರಿಸಿತು. ಬೀದಿಯಲ್ಲಿ ‘ಪುಲಯನ್ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಅದನ್ನು ಅವರು ಬಿರುದಿನಂತೆ ಧರಿಸಿದರು. ಗಡೀಪಾರು ಮಾಡಬೇಕೆಂದು ಕೊಚ್ಚಿಯ ಮಹಾರಾಜರಲ್ಲಿ ಮೊರೆಯಿಟ್ಟವರೂ ಇದ್ದರು. ನೊಂದು ಬಂದ ಅಯ್ಯಪ್ಪನ್ನರಿಗೆ ನಾರಾಯಣ ಗುರುಗಳು ಕ್ರಿಸ್ತನಂತೆ ಕ್ಷಮಿಸು ಎಂದರು. 1921ರಲ್ಲಿ, ಮನುಷ್ಯರ ಮತ, ವೇಷ, ಭಾಷೆ ಯಾವುದೇ ಆಗಿದ್ದರೂ ಅವರ ಜಾತಿ ಒಂದೇ ಆದ್ದರಿಂದ ಪರಸ್ಪರ ವಿವಾಹದಲ್ಲಿಯೂ ಸಹಭೋಜನದಲ್ಲಿಯೂ ದೋಷವಿಲ್ಲವೆಂಬ ಸಂದೇಶವನ್ನು ಸ್ವಹಸ್ತದಿಂದ ಬರೆದುಕೊಟ್ಟರು. ಅಯ್ಯಪ್ಪನ್ ‘ಸಹೋದರನ್’ ಪತ್ರಿಕೆ ನಡೆಸಿ, ಸಹೋದರನ್ ಅಯ್ಯಪ್ಪನ್ ಎಂದೇ ಹೆಸರಾಗಿ, ಮುಂದೆ ಅದೇ ಕೊಚ್ಚಿಯಲ್ಲಿ ಮಂತ್ರಿಯೂ ಆದರು. ನನ್ನ ಮಟ್ಟಿಗೆ ಕೇರಳದ ಹೋಟೆಲಿನ ಇತಿಹಾಸ ಶುರುವಾಗುವುದು ಯಾವ ಹೋಟೆಲಿನಿಂದಲೂ ಅಲ್ಲ, ಈ ಹಲಸಿನ ಬೀಜದ ಪಲ್ಯದಿಂದ.

1924ರ ವೈಕಂ ಸತ್ಯಾಗ್ರಹದ ಕಥೆ ಎಲ್ಲರಿಗೂ ತಿಳಿದದ್ದು. ಅದರೊಳಗಿನ ಊಟದ ಪ್ರಸಂಗ ಅಷ್ಟು ತಿಳಿದಿಲ್ಲ. ಪಂಜಾಬಿನಿಂದ ಬಂದ ಅಕಾಲಿಗಳು ಸತ್ಯಾಗ್ರಹಿಗಳಿಗಾಗಿ ಲಂಗರ್ ತೆರೆದರು. ಹೊರಗಿನವರ ಧರ್ಮದ ಅನ್ನದಿಂದ ಸತ್ಯಾಗ್ರಹಿಗಳ ಸ್ವಾಭಿಮಾನಕ್ಕೆ ಕುಂದು ಎಂದು ಗಾಂಧೀಜಿ ಒಪ್ಪಲಿಲ್ಲ, ಅಡುಗೆಮನೆ ಮುಚ್ಚಿತು. ಗಾಂಧೀಜಿಯ ತರ್ಕ ಅರ್ಥವಾಗುತ್ತದೆ. ಆದರೆ ಲಂಗರ್ ಎಂದರೆ ಬರಿಯ ಅನ್ನವಲ್ಲ, ಕೂರುವ ಕ್ರಮ. ತೀಂಡಲ್‌ನ ನಾಡಿನಲ್ಲಿ ಆ ಕ್ರಮ ಇನ್ನಷ್ಟು ದಿನ ಉಳಿಯಬೇಕಿತ್ತು ಎಂದೇ ನನಗೆ ಅನಿಸುತ್ತದೆ. 1936ರ ನವೆಂಬರ್ 12ರಂದು ತಿರುವಾಂಕೂರಿನಲ್ಲಿ ದೇವಾಲಯಗಳ ಬಾಗಿಲು ತೆರೆಯಿತು. ಕೊಚ್ಚಿಯಲ್ಲಿ ಸ್ವಾತಂತ್ರ್ಯದ ಹೊತ್ತಿನವರೆಗೂ ಕಾಯಬೇಕಾಯಿತು. ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಮನೆಗಳಿಗೆ ಜಾತಿಯ ಕಾರಣದಿಂದ ಯಾರಿಗೂ ತಡೆಯಿಲ್ಲವೆಂಬ ಮಾತು ಸಂವಿಧಾನದ 15ನೆಯ ವಿಧಿಯಲ್ಲಿ ಹೆಸರು ಹಿಡಿದು ಬಂದದ್ದು 1950ರಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1949ರಲ್ಲಿ, ತಿರುವನಂತಪುರದ ಒಬ್ಬರು ಟೋಕಿಯೋದ ಗಿಂಜಾದಲ್ಲಿ ಪುಟ್ಟದೊಂದು ಊಟದ ಮನೆ ತೆರೆದರು. ಎ. ಎಂ. ನಾಯರ್ ಹುಟ್ಟಿದ್ದು 1905ರಲ್ಲಿ. ಚೆರಾಯಿಯಲ್ಲಿ ಮಿಶ್ರಭೋಜನ ನಡೆದಾಗ ಹನ್ನೆರಡರ ಆಸುಪಾಸಿನ ಹುಡುಗ. 1928ರಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಲೆಂದು ಕ್ಯೋಟೋಗೆ ಹೋದವರು ರಾಸ್ ಬಿಹಾರಿ ಬೋಸರ ಒಡನಾಡಿಯಾದರು. ಬೋಸರಿಗೂ ಊಟದ ಮನೆಗೂ ಆಗಲೇ ನಂಟಿತ್ತು: ಬ್ರಿಟಿಷರ ಕೈಗೆ ಸಿಗದಂತೆ ಅವರನ್ನು ಅಡಗಿಸಿಟ್ಟದ್ದು ಶಿಂಜುಕುವಿನ ನಾಕಾಮುರಾಯಾ ಎಂಬ ಬೇಕರಿಯ ಮಾಲೀಕರು, ಆ ಮನೆಯ ಮಗಳನ್ನೇ ಅವರು ಮದುವೆಯಾದರು, 1927ರಲ್ಲಿ ಅಲ್ಲಿಯೇ ಭಾರತೀಯ ಕೋಳಿಸಾರು ಬಡಿಸುವುದು ಆರಂಭವಾಯಿತು. ನಾಯರ್ ಅವರ ರಾಜಕೀಯವನ್ನು ಹೊಗಳಿ ಮುಗಿಸಲಾಗದು. ಮಂಚೂರಿಯಾದಲ್ಲಿ ಅವರು ಕೆಲಸ ಮಾಡಿದ್ದು ಜಪಾನಿ ಸಾಮ್ರಾಜ್ಯದ ನೆರಳಿನಲ್ಲಿ. ಒಂದು ಸಾಮ್ರಾಜ್ಯವನ್ನು ಎದುರಿಸಲು ಇನ್ನೊಂದರ ಕೈಹಿಡಿದ ಆ ತಲೆಮಾರಿನ ತೊಡಕು ಅವರದೂ ಹೌದು.

ಯುದ್ಧ ಮುಗಿದಾಗ ಟೋಕಿಯೋ ಬೂದಿಯಾಗಿತ್ತು. ನಿಲ್ದಾಣಗಳ ಸುತ್ತ ಕಾಳಸಂತೆಗಳು; ಅಕ್ಕಿ, ಹಿಟ್ಟುಗಳಿಗೆ ನಿಯಂತ್ರಣ. ನಿಯಂತ್ರಣದ ಪಟ್ಟಿಗೆ ಸೇರದ ಕರುಳು, ಈಲಿಗಳನ್ನು ಕಡ್ಡಿಗೆ ಚುಚ್ಚಿ ಸುಡುವ ಅಂಗಡಿಗಳು ಸಾಲಾಗಿ ಎದ್ದವು. ಶಿಂಜುಕುವಿನ ಓಮೊಯ್ದೆ ಯೊಕೊಚೊ ಎಂಬ ಓಣಿ ಅಂದು ಹುಟ್ಟಿ ಇಂದಿಗೂ ಹೊಗೆಯಾಡುತ್ತಿದೆ. ಕೋಳಿ ಅಗ್ಗವಾಗಿ ಯಾಕಿತೋರಿ ಎಲ್ಲರದಾದದ್ದು 1960ರ ದಶಕದಲ್ಲಿ, ಬ್ರಾಯ್ಲರ್ ಬಂದ ಮೇಲೆ. ಇಂಥ ಟೋಕಿಯೋದಲ್ಲಿ, ಕಾಬುಕಿ ರಂಗಮಂದಿರದ ಸಮೀಪ, ನಾಯರ್ ಕೋಳಿಸಾರಿನ ಅಂಗಡಿ ಹಾಕಿದರು. ಅಲ್ಲಿ ಕಡ್ಡಿಯೂ ಇಲ್ಲ, ಕೆಂಡವೂ ಇಲ್ಲ; ಕಿರಿದಾದ ಜಾಗ, ಕಾಯುವ ಸಾಲು, ತಾಗುವ ಮೊಣಕೈ ಇವೆ. ಅಲ್ಲಿಯ ಹೆಸರಾಂತ ‘ಮುರುಗಿ ಲಂಚ್’ನಲ್ಲಿ ಗಂಟೆಗಟ್ಟಲೆ ಬೆಂದ ಕೋಳಿಯ ಕಾಲು, ಹಳದಿ ಅನ್ನ, ಕೋಸು, ಹಿಸುಕಿದ ಆಲೂಗಡ್ಡೆ ಒಂದೇ ತಟ್ಟೆಯಲ್ಲಿ ಬರುತ್ತವೆ. ಬಡಿಸುವವರು ಗಿರಾಕಿಯ ಎದುರೇ ಮೂಳೆಯಿಂದ ಮಾಂಸ ಬಿಡಿಸಿ, ಎಲ್ಲವನ್ನೂ ಚೆನ್ನಾಗಿ ಕಲಸಿ ತಿನ್ನಿರೆಂದು ಹೇಳುತ್ತಾರೆ. ತಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿಟ್ಟು ಉಣ್ಣುವ ಜಪಾನಿಗೆ ಇದು ಹೊಸ ಪಾಠ. ಊಟದ ಜೊತೆಗೆ ಹೋದ ನಮ್ಮ ಅಭ್ಯಾಸಗಳಲ್ಲಿ ಕಲಸುವುದು ಹೋಯಿತು, ಪಂಕ್ತಿ ವಿಂಗಡಿಸುವುದು ಹೋಗಲಿಲ್ಲ ಎಂಬುದು ಸಣ್ಣ ಸಮಾಧಾನವಲ್ಲ. ನಾಯರ್ ತೀರಿಕೊಂಡದ್ದು 1990ರಲ್ಲಿ. ಅಂಗಡಿಯನ್ನು ಮುಂದಿನ ತಲೆಮಾರುಗಳು ನಡೆಸಿಕೊಂಡು ಬಂದವು.

ಇತ್ತ ಕೇರಳದಲ್ಲಿ ಬೆಂಚು ಬಂದದ್ದು ಕಾರ್ಮಿಕರಿಂದ. ಕಾಫಿ ಮಂಡಳಿ ತನ್ನ ಕಾಫಿಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಮರುವರ್ಷ ಮಾರ್ಚ್‌ನಲ್ಲಿ ತ್ರಿಶೂರಿನಲ್ಲಿ ಕೇರಳದ ಮೊದಲ ಇಂಡಿಯನ್ ಕಾಫಿಹೌಸ್ ತೆರೆಯಿತು. ಇಂದು ಎರಡೂ ನಗರಗಳಲ್ಲಿ ಇಳಿಸಂಜೆಗೆ ತಟ್ಟುಕಡಗಳು ದೀಪ ಹಚ್ಚುತ್ತವೆ. ಗಲ್ಫಿಗೆ ಹೋಗಿಬಂದವರು ತಂದ ‘ಅಲ್ ಫಹಮ್’ ಕೋಳಿ ಬೀದಿಬೀದಿಯಲ್ಲಿ ಕೆಂಡದ ಮೇಲೆ ಬೇಯುತ್ತದೆ. ಅರಬ್ಬಿಯಲ್ಲಿ ಫಹಮ್ ಎಂದರೆ ಇದ್ದಿಲು. ಯಾಕಿತೋರಿಗೆ ಆ ಊರುಗಳಲ್ಲಿ ತೀರ ಹತ್ತಿರದ ಸಂಬಂಧಿ ಅದೇ. ಅದಕ್ಕೆ ಉರಿಸುವ ಇದ್ದಿಲಿನಲ್ಲಿ ತೆಂಗಿನ ಕರಟದ್ದೂ ಉಂಟು.

ತಿರುವನಂತಪುರದ ತಂಪಾನೂರಿನಲ್ಲಿ, ರೈಲು ನಿಲ್ದಾಣದ ಹತ್ತಿರ, ಲಾರಿ ಬೇಕರ್ ಕಟ್ಟಿದ ಕಾಫಿಹೌಸ್ ಇದೆ. ಕೆಂಪು ಇಟ್ಟಿಗೆಯ ಗೋಪುರ. ಒಳಗೆ ಮಹಡಿಗಳಿಲ್ಲ, ಸುರುಳಿಯಾಗಿ ಮೇಲೇರುವ ಒಂದೇ ಇಳಿಜಾರು ದಾರಿ. ಜಾಲಿಗೋಡೆಯ ಉದ್ದಕ್ಕೂ ಪುಟ್ಟ ಮೇಜುಗಳು, ಎದುರುಬದುರು ಬೆಂಚುಗಳು. ನಿಲ್ದಾಣದಿಂದ ಬಂದವರು ಖಾಲಿಯಿದ್ದಲ್ಲಿ ಕೂರುತ್ತಾರೆ. ಎದುರು ಯಾರೋ ದೋಸೆ ತಿನ್ನುತ್ತಿರುತ್ತಾರೆ. ಮೇಜು, ಬೆಂಚು ಎರಡನ್ನೂ ಕಟ್ಟಡಕ್ಕೇ ಸೇರಿಸಿ ಕಟ್ಟಿದ್ದಾರೆ. ಎಳೆದು ದೂರ ಮಾಡಿಕೊಳ್ಳಲು ಬರುವುದಿಲ್ಲ.