ಸಹಿಯಿಲ್ಲದ ಬಿದರಿ: ಮಾಡಿದವನ ಗುರುತು ಎಲ್ಲಿ ಅಡಗಿದೆ?

ಬೀದರಿನ ಪಕ್ಕದ ಅಷ್ಟೂರಿನಲ್ಲಿ ಹಜರತ್ ಖಲೀಲುಲ್ಲಾ ಅವರ ಚೌಖಂಡಿ ಇದೆ. ಅದರ ಕಲ್ಲಿನ ಬರಹ ಯಾರ ಕೈಯದೆಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. ಮುಘೀಸ್ ಅಲ್-ಖಾರಿ ಶಿರಾಜಿ ಎಂಬ ಲಿಪಿಕಾರ ತನ್ನ ಹೆಸರನ್ನೂ ಬಿಟ್ಟುಹೋಗಿದ್ದಾನೆ. ಆದರೆ ಅದೇ ಬೀದರಿನ ಹೆಸರು ಹೊತ್ತು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿನಿಂದ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನವರೆಗೆ ಹರಡಿರುವ ಹಳೆಯ ಬಿದರಿ ಹುಕ್ಕಾ, ಪಾನ್‌ದಾನ್, ಸುರಾಹಿಗಳನ್ನು ಮಗುಚಿ ನೋಡಿದರೆ ಮಾಡಿದವನ ಹೆಸರು ಕಾಣುವುದು ತೀರ ಅಪರೂಪ. ಕಲ್ಲಿನ ಮೇಲೆ ಅಕ್ಷರ ಬರೆದವನಿಗೆ ಸಿಕ್ಕ ಮರ್ಯಾದೆ ಲೋಹದಲ್ಲಿ ಬೆಳ್ಳಿ ಕೂರಿಸಿದವನಿಗೆ ಸಿಗಲಿಲ್ಲ.

ಹಾಗೆಂದು ಬಿದರಿಯ ಕಥೆಯಲ್ಲಿ ಹೆಸರೇ ಇಲ್ಲವೆಂದಲ್ಲ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಕಾಲದಲ್ಲಿ (1422–1436) ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬಾತ ಈ ವಿದ್ಯೆಯನ್ನು ಇಲ್ಲಿಗೆ ತಂದನೆಂದು ಕಾರೀಗರರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ತೊಡಕಿರುವುದು ಕಾಲದ ಲೆಕ್ಕದಲ್ಲಿ. ಇಂದು ಉಳಿದಿರುವ ಬಿದರಿ ವಸ್ತುಗಳಲ್ಲಿ ತೀರ ಹಳೆಯವೆಂದು ವಿದ್ವಾಂಸರು ಒಪ್ಪುವವು 17ನೇ ಶತಮಾನದವು. ಬರಹದಲ್ಲಿ ಬೀದರಿನ ಈ ಕಸುಬಿನ ಪ್ರಸ್ತಾಪ ಕಾಣಬೇಕಾದರೆ 1759ರ ‘ಚಹಾರ್ ಗುಲ್ಶನ್’ ಎಂಬ ಗ್ರಂಥದವರೆಗೆ ಕಾಯಬೇಕು. ಅಬ್ದುಲ್ಲಾನ ಹೆಸರಿದೆ, ಅವನ ಕೈಯ ಒಂದು ಬಟ್ಟಲೂ ಇಲ್ಲ. ಅವನ ನಂತರದ ನೂರಾರು ಬಟ್ಟಲುಗಳಿವೆ, ಅವುಗಳ ಹಿಂದಿನ ಹೆಸರುಗಳಿಲ್ಲ. ಕಥೆಯನ್ನು ತಳ್ಳಿಹಾಕುವ ಅಗತ್ಯವಿಲ್ಲ. ಆದರೆ ವಸ್ತುವೊಂದನ್ನು ಗುರುತಿಸಲು ಕುಳಿತಾಗ ಅದು ನೆರವಿಗೆ ಬರುವುದಿಲ್ಲ.

ಸಂತಪುರದ ಯಾವುದೋ ಹಳೆಯ ಮನೆಯ ಅಟ್ಟದಿಂದ ಬಿದರಿ ಹುಕ್ಕಾದ ಬುರುಡೆಯೊಂದು ಇಳಿದು ಬಂತೆಂದು ಇಟ್ಟುಕೊಳ್ಳೋಣ. ಚೀಟಿಯಿಲ್ಲ, ಮುದ್ರೆಯಿಲ್ಲ, ಅಲ್ಲಲ್ಲಿ ಬೆಳ್ಳಿ ಕಿತ್ತುಹೋಗಿದೆ. ಹಳೆಯ ಚರ್ಮದ ಜಾಕೆಟ್ಟಿನ ಲೇಬಲ್ ಹರಿದುಹೋಗಿದ್ದರೆ ಸಂಗ್ರಾಹಕರು ಜಿಪ್ಪು, ಹೊಲಿಗೆ, ಒಳಅಸ್ತರು ನೋಡಿ ಕಾರ್ಖಾನೆಯನ್ನು ಊಹಿಸುತ್ತಾರಲ್ಲ, ಇಲ್ಲಿಯೂ ಕೆಲಸ ಸುಮಾರು ಹಾಗೆಯೇ. ಒಂದು ವ್ಯತ್ಯಾಸವಿದೆ: ಬಿದರಿಗೆ ಒಬ್ಬನೇ ತಯಾರಕ ಇರುವುದಿಲ್ಲ. ಎರಕ ಹೊಯ್ಯುವವನು ಒಬ್ಬ, ನಕ್ಷೆ ಬರೆದು ಉಳಿಯಿಂದ ಕೊರೆಯುವವನು ಇನ್ನೊಬ್ಬ, ಬೆಳ್ಳಿ ಕೂರಿಸುವವನು ಮತ್ತೊಬ್ಬ. ಕಪ್ಪು ಏರಿಸಿ ಹೊಳಪು ಕೊಡುವುದು ಬೇರೆಯದೇ ಕೆಲಸ. ‘ಇದನ್ನು ಮಾಡಿದ್ದು ಯಾರು’ ಎಂದರೆ ಯಾವ ಹಂತದ ಬಗ್ಗೆ ಕೇಳುತ್ತಿದ್ದೇವೆ ಎಂಬುದು ಮೊದಲು ತೀರ್ಮಾನವಾಗಬೇಕು.

ಆಕಾರದಿಂದ ಶುರು ಮಾಡುವುದು ರೂಢಿ. ಹುಕ್ಕಾದ ವಿಷಯದಲ್ಲಿ ಅದಕ್ಕೆ ಗಟ್ಟಿ ಆಧಾರವೂ ಇದೆ. ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರದಲ್ಲಿ ತಂಬಾಕು ಕಂಡು, ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದದ್ದು 1604ರ ಸುಮಾರಿಗೆ. ತಂಬಾಕು ಬರುವ ಮೊದಲು ತಂಬಾಕಿನ ಹುಕ್ಕಾ ಇರಲಾರದು. ಹಾಗಾಗಿ ಯಾವ ಬಿದರಿ ಹುಕ್ಕಾವನ್ನೂ ಬಹಮನಿ ಕಾಲದ್ದೆಂದು ಮಾರುವವರ ಮಾತು ನಂಬಬೇಕಾಗಿಲ್ಲ. 17ನೇ ಶತಮಾನದ ಬುರುಡೆಗಳು ಬಹುತೇಕ ಗುಂಡಗಿರುತ್ತವೆ, ಉರುಳದಿರಲೆಂದು ಕೆಳಗೊಂದು ಬಳೆ ಇಡುತ್ತಿದ್ದರು. 18ನೇ ಶತಮಾನದಲ್ಲಿ ತಳ ಅಗಲವಾದ ಗಂಟೆಯಾಕಾರ ಬಂತು. ಕಾಲ ನಿರ್ಧರಿಸಲು ದಖ್ಖನಿ ಮತ್ತು ಮೊಘಲ್ ಚಿತ್ರಗಳೂ ಸಾಕ್ಷಿ ಹೇಳುತ್ತವೆ, ನವಾಬರ ಪಕ್ಕದಲ್ಲಿ ಕಪ್ಪು-ಬಿಳಿ ಬುರುಡೆಗಳು ಕಾಣುತ್ತವೆ. ಆದರೆ ಆಕಾರ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬಷ್ಟನ್ನೇ. ಹಳೆಯ ಆಕಾರವನ್ನು ಮತ್ತೆ ಎರಕ ಹೊಯ್ಯಲು ಯಾವ ಅಡ್ಡಿಯೂ ಇಲ್ಲ.

ನಕ್ಷೆಯನ್ನು ನೆಚ್ಚಿಕೊಳ್ಳುವುದು ಇನ್ನೂ ಅಪಾಯ. ಸಾಲುಸಾಲಾಗಿ ನಿಂತ ಗಸಗಸೆ ಹೂವಿನ ಗಿಡಗಳು ಮೊಘಲ್ ಅಭಿರುಚಿಯವು. ಔರಂಗಜೇಬ 1657ರಲ್ಲಿ ಬೀದರನ್ನು ಗೆದ್ದ ಮೇಲೆ ಆ ಅಭಿರುಚಿಗೆ ಇಲ್ಲಿ ನೇರ ದಾರಿ ಸಿಕ್ಕಿತೆನ್ನಬಹುದು. ಅಶರ್ಫಿ ಬೂಟಿ, ತೀನ್ ಪತ್ತಿಯ ಬಳ್ಳಿ, ಫೂಲ್‌ಝಡಿ ಎಂದೆಲ್ಲ ಹೆಸರಿರುವ ನಮೂನೆಗಳು ಇಂದಿಗೂ ಬೀದರಿನ ಅಂಗಡಿಗಳಲ್ಲಿ ಕಾಣುತ್ತವೆ. ನಮೂನೆ ಕೈಯಿಂದ ಕೈಗೆ, ಊರಿನಿಂದ ಊರಿಗೆ ನಡೆಯುತ್ತದೆ. ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾ, ಎಲ್ಲ ಕಡೆಯೂ ಬಿದರಿ ಕೆಲಸ ನಡೆದಿದೆ. ಅವಧ್‌ನ ಲಾಂಛನವಾದ ಜೋಡಿ ಮೀನು ಕಂಡರೆ, ಬೆಳ್ಳಿ ಮೈಯಿಂದ ಉಬ್ಬಿ ನಿಂತ ಝರ್‌ಬುಲಂದ್ ಕೆಲಸವಿದ್ದರೆ ಲಖನೌ ಕಡೆ ಕಣ್ಣು ಹಾಯಿಸಬೇಕು. ಅಷ್ಟು ಸ್ಪಷ್ಟ ಗುರುತಿಲ್ಲದ ತುಂಡುಗಳೇ ಹೆಚ್ಚು. ಈ ವಿಷಯದಲ್ಲಿ ಮೊದಲ ದೊಡ್ಡ ಕೆಲಸ ಸೂಸನ್ ಸ್ಟ್ರಾಂಜ್ 1985ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದ ಬಗ್ಗೆ ಬರೆದ ಪುಸ್ತಕ. ಆಮೇಲೆ ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯದ ಬಿದರಿಯ ಬಗ್ಗೆ ಕೃಷ್ಣ ಲಾಲ್ (1990), ಮೊಘಲ್ ಲೋಹಕಲೆಯ ಬಗ್ಗೆ ಮಾರ್ಕ್ ಜೆಬ್ರೋವ್ಸ್ಕಿ (1997) ಬರೆದರು. ವಸ್ತುಗಳನ್ನು ಗುಂಪುಗೂಡಿಸಿ ಕಾಲಕ್ರಮ ಕಟ್ಟಲು ಇವರ ಶ್ರಮವೇ ಇಂದಿಗೂ ಬುನಾದಿ. ಶೈಲಿಯ ಗುಂಪು ಬೇರೆ, ಕಾರ್ಖಾನೆ ಬೇರೆ ಎಂಬುದನ್ನು ಮಾತ್ರ ಮರೆಯಬಾರದು.

ನನ್ನ ವಾದ ಇಷ್ಟು: ಅಂದವಾಗಿ ಕಾಣಲೆಂದು ಮಾಡಿದ ಜಾಗಕ್ಕಿಂತ, ಯಾರೂ ನೋಡುವುದಿಲ್ಲವೆಂದು ಬಿಟ್ಟ ಜಾಗ ಹೆಚ್ಚು ಮಾತಾಡುತ್ತದೆ. ಕೆಲಸದ ಕ್ರಮ ನೋಡಿದರೆ ಇದು ಗೊತ್ತಾಗುತ್ತದೆ. ಎರಕದ ಮೈಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಬರಿಸುತ್ತಾರೆ. ಅದರ ಮೇಲೆ ಚೂಪು ಮೊನೆಯಿಂದ ಕೈಬರಹದಲ್ಲೇ ನಕ್ಷೆ ಎಳೆಯುತ್ತಾರೆ. ಅಚ್ಚಿಲ್ಲ, ಕಾಗದವಿಲ್ಲ. ಆ ಗೆರೆಯನ್ನು ಉಳಿ ಹಿಂಬಾಲಿಸುತ್ತದೆ. ತಂತಿಯ ಕೆಲಸವಾದರೆ ತಾರ್‌ಕಶಿ, ತಗಡು ಕೂರಿಸುವುದಾದರೆ ತೆಹ್‌ನಿಶಾನ್, ಬಹುಭಾಗವೆಲ್ಲ ಬೆಳ್ಳಿ ಹಾಸಿ ಹೂವನ್ನು ಕಪ್ಪಾಗಿ ಬಿಟ್ಟರೆ ಆಫ್ತಾಬಿ.

ಈಗ ಸಂತಪುರದ ಬುರುಡೆಯನ್ನು ಭೂತಗನ್ನಡಿಯಡಿ ಹಿಡಿಯೋಣ. ಬೆಳ್ಳಿ ಬಿದ್ದುಹೋದ ಎಲೆಯ ಗುಳಿಯಲ್ಲಿ ಉಳಿಯ ಹೆಜ್ಜೆಗಳು ಸಾಲಾಗಿ ಕಾಣುತ್ತವೆ: ಒತ್ತೊತ್ತಾಗಿ, ಸಣ್ಣದಾಗಿ ನಡೆದಿದೆಯೋ, ಉದ್ದುದ್ದ ಹೊಡೆತಗಳೋ? ಅಂಚನ್ನು ಒಳಕ್ಕೆ ಓರೆ ಕೊರೆದು ಬೆಳ್ಳಿ ಕಚ್ಚುವಂತೆ ಮಾಡಿದ್ದಾನೋ, ಬರೀ ಸುತ್ತಿಗೆಯನ್ನೇ ನಂಬಿದ್ದಾನೋ? ಮೂಲೆಯಲ್ಲಿ ಉಳಿ ಗೆರೆ ದಾಟಿ ಜಾರಿದೆಯೇ? ತಂತಿಯ ಎರಡು ತುದಿ ಕೂಡುವ ಜಾಗವನ್ನು ಎಲೆಯ ತೊಟ್ಟಿನಲ್ಲಿ ಅಡಗಿಸಿದ್ದಾನೋ, ನಡುದಾರಿಯಲ್ಲೇ ಬಿಟ್ಟಿದ್ದಾನೋ? ಇನ್ನೊಂದು ಕಡೆ ನೋಡಲೇಬೇಕು. ಗುಂಡು ಪಾತ್ರೆಯ ಸುತ್ತ ಒಂದೇ ಗಿಡವನ್ನು ಮತ್ತೆ ಮತ್ತೆ ಬರೆಯುತ್ತ ಹೋದರೆ ಕೊನೆಯ ಗಿಡ ಮೊದಲನೆಯದನ್ನು ಮುಟ್ಟುವಲ್ಲಿ ಲೆಕ್ಕ ಅಪರೂಪಕ್ಕೆ ಸರಿಹೋಗುತ್ತದೆ. ಜಾಗ ಸಾಲದಾಗ ಒಬ್ಬ ಗಿಡವನ್ನು ಸೊರಗಿಸುತ್ತಾನೆ, ಮತ್ತೊಬ್ಬ ಒಂದು ಎಲೆ ಕತ್ತರಿಸುತ್ತಾನೆ, ಜಾಗ ಮಿಕ್ಕಾಗ ಇನ್ನೊಬ್ಬ ಅಲ್ಲೊಂದು ಪುಟ್ಟ ಬೂಟಿ ತುಂಬುತ್ತಾನೆ. ಇಂಥ ಅಭ್ಯಾಸವನ್ನು ನಕಲು ಮಾಡುವವನು ಗಮನಿಸುವುದೇ ಇಲ್ಲ. ಎರಡು ಪಾತ್ರೆಗಳಲ್ಲಿ ಈ ಜಾಣತನ ಒಂದೇ ಥರ ಇದ್ದರೆ ನಕ್ಷೆ ಬೇರೆಯಾದರೂ ಕೈ ಒಂದೇ ಎಂದು ಹೇಳುವ ಧೈರ್ಯ ಬರುತ್ತದೆ.

ಲೋಹವೂ ಸಾಕ್ಷಿ ಹೇಳುತ್ತದೆ, ಸ್ವಲ್ಪ ಗೊಂದಲದ ಸಾಕ್ಷಿ. ಇಂದಿನ ಬೀದರಿನಲ್ಲಿ 16 ಪಾಲು ಸತುವಿಗೆ 1 ಪಾಲು ತಾಮ್ರವೆಂಬ ಲೆಕ್ಕ ಸಾಮಾನ್ಯ. 19ನೇ ಶತಮಾನದ ಆರಂಭದಲ್ಲಿ ಡಾ. ಹೇನ್ ಎಂಬವರು ಕೊಟ್ಟ ಲೆಕ್ಕ ಬೇರೆ: ತಾಮ್ರ 16, ಸೀಸ 4, ತವರ 2 ಸೇರಿಸಿ ಕರಗಿಸಿ, ಆ ಮಿಶ್ರಣದ 3 ಪಾಲಿಗೆ 16 ಪಾಲು ಸತು. ಗುಣಿಸಿ ನೋಡಿದರೆ ತಾಮ್ರ ಶೇ. 11ಕ್ಕಿಂತ ತುಸು ಹೆಚ್ಚು. ಡಾ. ಹ್ಯಾಮಿಲ್ಟನ್ ಎಂಬವರು ಕಂಡ ಎರಕದಲ್ಲಿ 12,360 ಗ್ರೇನ್ ಸತುವಿಗೆ 460 ಗ್ರೇನ್ ತಾಮ್ರ, 414 ಗ್ರೇನ್ ಸೀಸ. ತವರದ ಸುಳಿವೇ ಇಲ್ಲ, ತಾಮ್ರ ಶೇ. 3.5ರಷ್ಟೇ. ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ 1987ರಲ್ಲಿ ಪ್ರಕಟಿಸಿದ ತಾಂತ್ರಿಕ ಅಧ್ಯಯನ ಇಂಥ ಪ್ರಶ್ನೆಗಳನ್ನು ಪ್ರಯೋಗಾಲಯಕ್ಕೆ ಒಯ್ದಿತು. ಹಳೆಯ ತುಂಡುಗಳಲ್ಲಿ ತಾಮ್ರ ಶೇ. 2ರಿಂದ 10ರವರೆಗೂ ಸೀಸ ಶೇ. 8ರವರೆಗೂ ಕಂಡುಬಂದಿರುವುದರಿಂದ ‘ಬೀದರಿನ ಮಿಶ್ರಣ’ ಎಂಬ ಒಂದೇ ಬೆರಳಚ್ಚು ಇಲ್ಲವೆನ್ನಬೇಕು. ಬೆಳ್ಳಿಯ ಜತೆ ಹಿತ್ತಾಳೆಯನ್ನೂ ಕೂರಿಸಿದ್ದರೆ ತುಂಡು ಹಳೆಯದಿರುವ ಸಾಧ್ಯತೆ ಹೆಚ್ಚು ಎಂಬುದು ಇದಕ್ಕಿಂತ ಉಪಯುಕ್ತ ಸೂಚನೆ.

ಇನ್ನು ಕೋಟೆಯ ಮಣ್ಣು. ಬಿಸಿಲು-ಮಳೆ ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುವುದು, ನವಸಾಗರದ ಜತೆ ಕಲಸಿ, ಕಾಯಿಸಿದ ಪಾತ್ರೆಗೆ ಬಳಿಯುವುದು ಬೀದರಿನ ಪ್ರಸಿದ್ಧ ಪದ್ಧತಿ. ಅದರಿಂದ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪು ಬರಲು ಮಿಶ್ರಣದಲ್ಲಿ ತಾಮ್ರದ ಅಂಶ ಇರಲೇಬೇಕು. ಪ್ರವಾಸಿಗರಿಗೆ ಈ ಮಣ್ಣಿನ ಕಥೆ ಬಲು ಇಷ್ಟ. ಗುರುತಿಸುವ ಕೆಲಸದಲ್ಲಿ ಮಾತ್ರ ಅದರ ಬೆಲೆ ಕಡಿಮೆ, ಕಪ್ಪನ್ನು ಯಾವಾಗ ಬೇಕಾದರೂ ಹೊಸದಾಗಿ ಏರಿಸಬಹುದು. 18ನೇ ಶತಮಾನದ ಪಾತ್ರೆಗೆ ಹೋದ ವರ್ಷದ ಕಪ್ಪು ಇರಬಹುದು. ಔರಾದ, ಭಾಲ್ಕಿ ಕಡೆಯ ಮನೆಗಳಲ್ಲಿ ಅಂಥದ್ದೇನಾದರೂ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಬಾರದು. ಉಳಿಯ ಗುರುತುಗಳ ಮೊದಲ ಶತ್ರು ನಮ್ಮ ಸ್ವಚ್ಛತೆಯ ಹುಮ್ಮಸ್ಸು.

ಹೆಸರು ಬಿದರಿಯ ಮೇಲೆ ಬಂದದ್ದು ದೂರದ ಮಾರುಕಟ್ಟೆಯ ಬೆನ್ನು ಹತ್ತಿ. 1851ರ ಲಂಡನ್ ಪ್ರದರ್ಶನದಲ್ಲಿ ಬಿದರಿ ಇತ್ತು; ಅಲ್ಲಿಂದ ಮುಂದೆ ಮ್ಯೂಸಿಯಂ ದಾಖಲೆಗಳಲ್ಲಿ ಕೊಂಡ ವರ್ಷ ಸಿಗುತ್ತದೆ, ಆ ವರ್ಷವೇ ಉಳಿದ ತುಂಡುಗಳನ್ನು ಹೋಲಿಸಲು ಗೂಟ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಈಗಿನ ಉಸ್ತಾದರ ಕೆಲಸವನ್ನು ನಾಳೆ ಗುರುತಿಸಲು ಇಷ್ಟು ಪಾಡು ಬೇಕಾಗಲಿಕ್ಕಿಲ್ಲ. ಹಳೆಯ ತುಂಡಿನ ಮೇಲೆ ಅಚ್ಚುಕಟ್ಟಾದ ಹೆಸರು ಕಂಡರೆ ಮಾತ್ರ ಹಿಗ್ಗುವ ಬದಲು ಅನುಮಾನಪಡುವುದು ಒಳ್ಳೆಯದು.

ಹಾಗಾದರೆ ಸಂತಪುರದ ಬುರುಡೆಯ ಪಕ್ಕದ ಚೀಟಿಯಲ್ಲಿ ಏನು ಬರೆಯಬೇಕು? ‘ಬೀದರ್, 17ನೇ ಶತಮಾನ’ ಎಂದು ಒಂದೇ ಉಸಿರಿಗೆ ಬರೆಯುವ ರೂಢಿ ಬಿಟ್ಟು, ‘ದಖ್ಖನ್, ಬಹುಶಃ ಬೀದರ್, ಗಂಟೆಯಾಕಾರ, 18ನೇ ಶತಮಾನ ಅಥವಾ ನಂತರ, ತೆಹ್‌ನಿಶಾನ್, ಬೆಳ್ಳಿ ಮಾತ್ರ, ಕಪ್ಪು ಮರುಬಳಿದದ್ದು’ ಎಂದು ಬರೆಯಬಹುದು. ಜತೆಗೆ ಬೆಳ್ಳಿ ಬಿದ್ದ ಗುಳಿಗಳ, ತಳದ, ನಕ್ಷೆ ಕೂಡುವ ಜಾಗದ ಹತ್ತಿರದ ಫೋಟೋಗಳು ಇರಬೇಕು. ಕ್ಯಾಟಲಾಗುಗಳು ಇಷ್ಟು ದಿನ ಪಾತ್ರೆಯ ಚೆಂದದ ಮಗ್ಗುಲನ್ನೇ ಅಚ್ಚು ಹಾಕಿವೆ. ಒಂದು ಸಂಗ್ರಹದ ಉಳಿಯ ಹೆಜ್ಜೆಯನ್ನು ಇನ್ನೊಂದರ ಹೆಜ್ಜೆಯ ಜತೆ ಇಟ್ಟು ನೋಡಬೇಕಾದರೆ ಮುರಿದ ಮಗ್ಗುಲಿನ ಚಿತ್ರಗಳೇ ಬೇಕು.